ಒಪಿನಿಯನ್ ಟ್ರೇಡಿಂಗ್ ಆ್ಯಪ್‌ಗೆ ದುಡ್ಡು ಹಾಕುವುದು ಷೇರು ವ್ಯವಹಾರವೇ, ಜೂಜೇ?

ಷೇರು ವ್ಯವಹಾರವಂತೂ ಅಲ್ಲ. ‘ಇವತ್ತು ಆರ್‌ಸಿಬಿ ಗೆಲ್ಲುತ್ತಾ?’ ಎಂಬ ಪ್ರಶ್ನೆಗೆ ಆ್ಯಪ್‌ನಲ್ಲಿ ‘ಹೌದು’ ಎಂಬುದರ ಬೆಲೆ 6 ರೂಪಾಯಿ, ‘ಇಲ್ಲ’ ಎಂಬುದರ ಬೆಲೆ 4 ರೂಪಾಯಿ ಎಂದಿಟ್ಟುಕೊಳ್ಳಿ. ಪಂದ್ಯ ಮುಗಿದಾಗ ಸರಿಯಾಗಿ ಊಹಿಸಿದವರಿಗೆ 10 ರೂಪಾಯಿ (ಕಂಪನಿಯ ಕಮಿಷನ್ ಕಳೆದು), ಉಳಿದವರಿಗೆ ಸೊನ್ನೆ. ಏರಿಳಿಯುವ ಬೆಲೆ, ‘ಸ್ಟಾಪ್ ಲಾಸ್’ (ನಷ್ಟ ಒಂದು ಮಿತಿ ಮುಟ್ಟಿದರೆ ತಾನಾಗಿ ಮಾರುವ ವ್ಯವಸ್ಥೆ) ಎಂಬ ಮಾತು ನೋಡಿದರೆ ಷೇರುಪೇಟೆಯೇ ಅನ್ನಿಸುತ್ತದೆ, ಅಪಾಯ ಇರುವುದೇ ಅಲ್ಲಿ. ಇದು ಸೆಕ್ಯೂರಿಟಿ (ಷೇರು, ಬಾಂಡ್‌ನಂಥ ಹೂಡಿಕೆ ಪತ್ರ) ಅಲ್ಲ, ಹೂಡಿಕೆದಾರರಿಗಿರುವ ರಕ್ಷಣೆ ಇಲ್ಲಿ ಸಿಗದು ಎಂದು ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2025ರ ಏಪ್ರಿಲ್‌ನಲ್ಲೇ ಎಚ್ಚರಿಸಿತ್ತು.

‘ಇದು ಅದೃಷ್ಟವಲ್ಲ, ಕೌಶಲ; ಹಾಗಾಗಿ ಜೂಜಲ್ಲ’ ಎಂಬ ವಾದಕ್ಕೂ ಈಗ ಬಲವಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಅದೃಷ್ಟದ ಆಟ, ಕೌಶಲದ ಆಟ ಎರಡನ್ನೂ ನಿಷೇಧಿಸುತ್ತದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡಿದವರಿಗೆ ಈ ಕಾಯ್ದೆಯಡಿ ಶಿಕ್ಷೆಯಿಲ್ಲ. ಹಾಗಾಗಿ ಮೋಸಹೋಗಿದ್ದರೆ ದಯವಿಟ್ಟು ಮುಚ್ಚಿಡಬೇಡಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.