ಹಗ್ಗ ಎಳೆದು ಎಳೆದು ರಟ್ಟೆ ಬಿದ್ದೋಯ್ತಾ? ಲಾನ್ ಮೂವರ್‌ಗೆ ಪಾರ್ಟ್ ತರೋ ಮುಂಚೆ ಇದನ್ನ ನೋಡಿ

ಎರಡು ಹದ ಮಳೆ ಬಿದ್ದಿದ್ದೇ ತಡ, ತುಮಕೂರಿನ ಅಂತರಸನಹಳ್ಳಿಲಿರೋ ನಮ್ಮ ಶೆಡ್ ಮುಂದೆ ಹುಲ್ಲು ಹೊಡೆಯೋ ಮಷೀನ್‌ಗಳು ಸಾಲಾಗಿ ನಿಂತ್ಬಿಟ್ಟಿವೆ. ತರೋಕಾಗದೇ ಇರೋರು ಪ್ರಶ್ನೆ ಕಳಿಸಿದ್ದಾರೆ. ಬಂದಿದ್ರಲ್ಲಿ ಆರು ತಗೊಂಡಿದ್ದೀನಿ, ಉಳಿದಿದ್ದೆಲ್ಲ ಹೆಚ್ಚುಕಮ್ಮಿ ಇವೇ.

ನಂದಿ ಬೆಟ್ಟದ ತಪ್ಪಲಲ್ಲಿ ಒಂದು ಫಾರ್ಮ್‌ಹೌಸ್ ನೋಡ್ಕೊತೀನಿ ಸಾರ್. 160 ಸಿಸಿ ಪೆಟ್ರೋಲ್ ಮಷೀನ್, ಜನವರಿಲಿ ಕೊನೇ ಸಲ ಓಡ್ಸಿದ್ದು. ಈಗ ಎಷ್ಟು ಹಗ್ಗ ಎಳೆದ್ರೂ ಒಂದು ಸಲ ಕೆಮ್ಮೋದೂ ಇಲ್ಲ. ಇಲ್ಲಿನ ಮೆಕ್ಯಾನಿಕ್ಕು ಕಾರ್ಬುರೇಟರ್ರೂ ಹೋಗಿದೆ, ಕಾಯಿಲ್ಲೂ ಹೋಗಿದೆ, ಎರಡೂ ಹೊಸದು ಹಾಕ್ಬೇಕು ಅಂತಾರೆ. ಓನರ್‌ಗೆ ಏನ್ ಹೇಳ್ಲಿ? — ಚಿಕ್ಕಬಳ್ಳಾಪುರದಿಂದ

ಓನರ್‌ಗೆ ಈಗ್ಲೇ ಏನೂ ಹೇಳ್ಬೇಡಿ. ಸ್ಪಾರ್ಕ್‌ಗೆ ಕರೆಂಟ್ ಕೊಡೋ ಕಾಯಿಲ್ಲು, ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಕಳಿಸೋ ಕಾರ್ಬುರೇಟರ್ರು, ಎರಡೂ ಒಂದೇ ಸಲ ಸಾಯೋದು ಅಪರೂಪ, ಯಾರಾದ್ರೂ ಎರಡು ಪಾರ್ಟ್ ಹೆಸರು ಒಟ್ಟಿಗೆ ಹೇಳಿದ್ರು ಅಂದ್ರೆ ಯಾವುದು ಹೋಗಿದೆ ಅಂತ ಅವರಿಗೇ ಗೊತ್ತಾಗಿಲ್ಲ ಅಂತ ಅರ್ಥ. ಅರ್ಧ ಗಂಟೆ ಬಿಡುವು ಮಾಡ್ಕೊಳ್ಳಿ, ನೀವೇ ನೋಡ್ಬೋದು.

ಮೊದಲು ಸ್ಪಾರ್ಕು. ಪ್ಲಗ್ ಬಿಚ್ಚಿ ಆಚೆ ತೆಗೀರಿ, ಕ್ಯಾಪ್‌ಗೆ ವಾಪಸ್ ಸಿಗಿಸಿ, ಪ್ಲಗ್ಗಿನ ಕಬ್ಬಿಣದ ಮೈ ಎಂಜಿನ್ನಿನ ಲೋಹಕ್ಕೆ ತಾಗೋ ಹಾಗೆ ಇಟ್ಟು ಹಗ್ಗ ಎಳೀರಿ. ಪ್ಲಗ್ ತೂತಿನ ಹತ್ರನೇ ಇಡಬೇಡಿ, ಒಳಗಿಂದ ಪೆಟ್ರೋಲ್ ಆವಿ ಬರ್ತಿರುತ್ತೆ, ಭಗ್ ಅಂತ ಹತ್ಕೊಳ್ಳುತ್ತೆ. ಇನ್ನೊಂದು, ಹ್ಯಾಂಡಲ್ ಹತ್ರ ಒಂದು ಲಿವರ್ ಇರುತ್ತಲ್ಲ, ಕೈ ಬಿಟ್ರೆ ಎಂಜಿನ್ ಆಫ್ ಆಗೋದು, ಅದನ್ನ ಯಾರಾದ್ರೂ ಒತ್ತಿ ಹಿಡ್ಕೊಂಡಿರಬೇಕು, ಯಾಕಂದ್ರೆ ಲಿವರ್ ಬಿಟ್ಟಿದ್ರೆ ಕರೆಂಟು ಅಲ್ಲೇ ಕಟ್ ಆಗಿರುತ್ತೆ. ಲಿವರ್ ಹಿಡೀದೆ ಎಳೆದು, ಸ್ಪಾರ್ಕೇ ಇಲ್ಲ ಅಂತ ಹೊಸ ಕಾಯಿಲ್ ಹಾಕಿಸ್ಕೊಂಡು ಬಂದೋರನ್ನ ನಾನು ನೋಡಿದ್ದೀನಿ. ನೀಲಿ ಬಣ್ಣದಲ್ಲಿ ಚಟ್ ಅಂತ ಹೊಡೀತಾ? ಹಂಗಾದ್ರೆ ಕಾಯಿಲ್ ಚೆನ್ನಾಗಿದೆ, ಅದರ ಸುದ್ದಿಗೆ ಹೋಗ್ಬೇಡಿ.

ಆಮೇಲೆ ಪ್ಲಗ್ ತೂತಿಗೆ ಒಂದು ಟೀ ಚಮಚ ಹೊಸ ಪೆಟ್ರೋಲ್ ಬಿಟ್ಟು, ಪ್ಲಗ್ ಹಾಕಿ, ಎಳೀರಿ. ಎರಡು ಸೆಕೆಂಡು ಓಡಿ ನಿಂತೋದ್ರೆ ರೋಗ ಗೊತ್ತಾಯ್ತು: ಎಂಜಿನ್ ಗಟ್ಟಿ ಇದೆ, ಸ್ಪಾರ್ಕ್ ಇದೆ, ಪೆಟ್ರೋಲ್ ಮಾತ್ರ ಒಳಗೆ ಬರ್ತಿಲ್ಲ.

ಜನವರಿಯಿಂದ ಟ್ಯಾಂಕಲ್ಲಿ ಕೂತಿದ್ದ ಪೆಟ್ರೋಲ್ ಮೂಸಿ ನೋಡಿ, ಅದು ಪೆಟ್ರೋಲ್ ವಾಸನೆನೇ ಬರಲ್ಲ, ಹಳೇ ವಾರ್ನಿಶ್ ಡಬ್ಬ ತೆಗೆದ ಹಾಗಿರುತ್ತೆ. ಈಗಿನ ಬಂಕ್ ಪೆಟ್ರೋಲಲ್ಲಿ ಇನ್ನೊಂದು ಸೇರ್ಕೊಂಡಿದೆ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರೋ ಇ20, 2023ರ ಫೆಬ್ರವರಿ 6ನೇ ತಾರೀಖು ನಮ್ಮ ತುಮಕೂರು ರೋಡಲ್ಲೇ, ಮಾದಾವರದ ಎಕ್ಸಿಬಿಶನ್ ಸೆಂಟರಲ್ಲಿ ಬಿಡುಗಡೆ ಆಗಿದ್ದು, ಅವತ್ತೇ ಮಧ್ಯಾಹ್ನ ಪ್ರಧಾನಿ ಗುಬ್ಬಿ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಉದ್ಘಾಟನೆಗೆ ಬಂದಿದ್ರಲ್ಲ, ಅದಕ್ಕೇ ನನಗೆ ತಾರೀಖು ನೆನಪಿದೆ. ಎಥನಾಲ್ ಗಾಳಿಲಿರೋ ತೇವಾನ ಹೀರ್ಕೊಳ್ಳುತ್ತೆ, ದಿನಾ ಓಡೋ ಸ್ಕೂಟರಲ್ಲಿ ಇದು ಗೊತ್ತಾಗಲ್ಲ, ಐದು ತಿಂಗಳು ನಿಂತ ಮಷೀನಲ್ಲಿ ನೀರು ಕೆಳಗೆ ಬೇರೆ ಆಗಿ ಕೂತ್ಕೊಳ್ಳುತ್ತೆ, ಕಾರ್ಬುರೇಟರ್ ಒಳಗಿನ ಹಿತ್ತಾಳೆ, ಅಲ್ಯೂಮಿನಿಯಂ ಹಸಿರು ಬಿಳಿ ಬೂಷ್ಟು ಹಿಡಿಯುತ್ತೆ. ಹಳೇ ಮೂವರ್‌ಗಳ ಪುಸ್ತಕ ತೆಗೆದು ನೋಡಿ, ಹತ್ತು ಪರ್ಸೆಂಟ್ ಎಥನಾಲ್ ಮೇಲೆ ಬೇಡ ಅಂತ ಬರೆದಿರುತ್ತೆ.

ಕಾರ್ಬುರೇಟರ್ ಕೆಳಗೆ ಸಣ್ಣ ಬಟ್ಟಲಿನ ಹಾಗೆ ಒಂದು ಬೌಲ್ ಇದೆ, ಒಂದೇ ಬೋಲ್ಟು. ಪೆಟ್ರೋಲ್ ಕಾಕ್ ಬಂದ್ ಮಾಡಿ, ಕೆಳಗೆ ಡಬ್ಬ ಹಿಡಿದು ಬಿಚ್ಚಿ. ಬೌಲ್ ತಳದಲ್ಲಿ ಬೆಲ್ಲದ ಪಾಕದ ಹಾಗೆ ಅಂಟು ಇದ್ರೆ ಅದೇ ಕಳ್ಳ. ಮಧ್ಯದಲ್ಲಿ ಮೇಲಕ್ಕೆ ಹೋಗೋ ಕೊಳವೆಲಿ ಹಿತ್ತಾಳೆ ಜೆಟ್, ಅಂದ್ರೆ ಪೆಟ್ರೋಲ್ ಹೋಗೋ ತೂತಿರೋ ಸಣ್ಣ ಸ್ಕ್ರೂ, ಇರುತ್ತೆ, ತೆಳ್ಳಗಿನ ಸ್ಕ್ರೂಡ್ರೈವರಲ್ಲಿ ತೆಗೆದು ಬೆಳಕಿಗೆ ಹಿಡೀರಿ, ಸಾಸಿವೆಗಿಂತ ಸಣ್ಣ ತೂತು, ದುಂಡಗೆ ಬೆಳಕು ಕಾಣಬೇಕು. ಕಾಣದಿದ್ರೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಸಿ, ಕರೆಂಟ್ ವೈರಿನ ಒಳಗಿನ ತಾಮ್ರದ ಒಂದೇ ಒಂದು ಎಳೆ ತಗೊಂಡು ತೂರಿಸಿ. ಸೂಜಿ, ಸೇಫ್ಟಿ ಪಿನ್ ಹಾಕ್ಬೇಡಿ, ತೂತು ದೊಡ್ಡದಾದ್ರೆ ಆಗ ನಿಜವಾಗ್ಲೂ ಹೊಸದೇ ತರ್ಬೇಕು. ಬೌಲ್ ಗ್ಯಾಸ್ಕೆಟ್ ಉಬ್ಬಿದ್ರೆ ಅದೊಂದು ರಬ್ಬರ್ ರಿಂಗ್ ಬದಲಾಯಿಸಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಿ. ನೂರಕ್ಕೆ ಎಂಬತ್ತು ಮಷೀನ್ ಇಷ್ಟಕ್ಕೇ ಎದ್ದು ಕೂರ್ತವೆ ಅಂತ ಬಾಯಿಮಾತಿಗೆ ಹೇಳ್ತೀನಿ, ಲೆಕ್ಕ ಇಟ್ಟಿಲ್ಲ.

ಮುಂದಿನ ಸಲ ಬೇಸಿಗೆಗೆ ನಿಲ್ಲಿಸೋ ಮುಂಚೆ ಕಾಕ್ ಬಂದ್ ಮಾಡಿ, ತಾನಾಗೇ ನಿಲ್ಲೋವರೆಗೂ ಓಡಿಸಿಬಿಡಿ. ಬೌಲಲ್ಲಿ ಒಂದು ಹನಿ ಇರಬಾರದು.

ಗ್ರೌಂಡಲ್ಲಿ ಹುಲ್ಲು ಹೊಡೀವಾಗ ಬ್ಲೇಡು ಹೂತಿದ್ದ ಕಲ್ಲಿಗೆ ಬಡಿದು ಮಷೀನ್ ದಡಕ್ಕಂತ ನಿಂತೋಯ್ತು. ಆಮೇಲಿಂದ ಹಗ್ಗ ಎಳೆದ್ರೆ ವಾಪಸ್ ಕೈನ ಎಳ್ಕೊಂಡೋಗುತ್ತೆ, ಬೆರಳು ಮುರಿದೋಗೋ ಹಾಗೆ. ಸ್ಟಾರ್ಟೂ ಆಗ್ತಿಲ್ಲ. ಪ್ಲಗ್ ಹೊಸದು ಹಾಕಿದ್ದಾಯ್ತು. — ಕೋಲಾರದ ಒಂದು ಶಾಲೆಯ ಪಿ.ಟಿ. ಮೇಷ್ಟ್ರು

ಮೇಷ್ಟ್ರೇ, ಕೋಲಾರದ ನೆಲದಲ್ಲಿ ಕಲ್ಲಿಗೆ ಬಡೀದೇ ಇರೋ ಬ್ಲೇಡ್ ತೋರ್ಸಿ ನೋಡೋಣ. ನಿಮ್ಮ ಕಾಯಿಲೆ ನೀವು ಬರೆದಿರೋದ್ರಲ್ಲೇ ಇದೆ, ಹಗ್ಗ ಕೈನ ವಾಪಸ್ ಎಳೀತಿದೆ ಅಂದ್ರೆ ಸ್ಪಾರ್ಕ್ ಬರಬಾರದ ಹೊತ್ತಲ್ಲಿ ಬರ್ತಿದೆ.

ಮೇಲ್ಗಡೆ ಹಗ್ಗದ ಕವರ್ ಕೆಳಗೆ ಫ್ಲೈವೀಲ್ ಇದೆ, ಅದರಲ್ಲಿ ಅಯಸ್ಕಾಂತ. ಆ ಅಯಸ್ಕಾಂತ ಕಾಯಿಲ್ ಮುಂದೆ ಹಾದುಹೋದ ಕ್ಷಣಕ್ಕೆ ಸ್ಪಾರ್ಕು. ಫ್ಲೈವೀಲು ಕ್ರ್ಯಾಂಕಿನ, ಅಂದ್ರೆ ಬ್ಲೇಡ್ ತಿರುಗಿಸೋ ದಂಡದ, ಮೇಲೆ ಸರಿಯಾದ ಜಾಗದಲ್ಲಿ ಕೂತಿದೆ ಅನ್ನೋಕೆ ಗುರುತು ಒಂದು ಕೀ, ಕಿರುಬೆರಳ ಉಗುರಷ್ಟಿರೋ ಲೋಹದ ತುಂಡು. ಬ್ಲೇಡು ಕಲ್ಲಿಗೆ ಬಡಿದಾಗ ಕ್ರ್ಯಾಂಕ್ ಅಲ್ಲೇ ನಿಂತುಬಿಡುತ್ತೆ, ಆದ್ರೆ ಮೇಲಿನ ಭಾರದ ಫ್ಲೈವೀಲು ಅದೇ ರಭಸದಲ್ಲಿ ಸ್ವಲ್ಪ ಮುಂದಕ್ಕೆ ತಿರುಗುತ್ತೆ, ಮಧ್ಯೆ ಸಿಕ್ಕೊಂಡ ಕೀ ಅರ್ಧ ಕತ್ತರಿಸಿಹೋಗುತ್ತೆ. ಬಹಳ ಎಂಜಿನ್‌ಗಳಲ್ಲಿ ಈ ಕೀನ ಬೇಕು ಅಂತಲೇ ಮೆತ್ತಗಿನ ಲೋಹದಲ್ಲಿ ಮಾಡಿರ್ತಾರೆ.

ಮೊದಲು ಪ್ಲಗ್ ಕ್ಯಾಪ್ ಕಿತ್ತು ದೂರ ಕಟ್ಟಿ. ಬ್ಲೇಡ್ ಮುಟ್ಟೋ ಕೆಲಸ ಏನೇ ಇರ್ಲಿ ಇದು ಮೊದಲು, ಮರೀಬೇಡಿ. ಹಗ್ಗದ ಕವರ್ ಬಿಚ್ಚಿ, ಮಧ್ಯದ ನಟ್ ಬಿಚ್ಚಿ ಮೇಲಿಂದ ಒಳಗೆ ನೋಡಿ, ಕೀ ಕೂರೋ ಕ್ರ್ಯಾಂಕಿನ ಸೀಳೂ ಫ್ಲೈವೀಲಿನ ಸೀಳೂ ಒಂದೇ ಗೆರೆಲಿ ಇರಬೇಕು. ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ರೂ ಸಿಕ್ಕಿಬಿತ್ತು. ಫ್ಲೈವೀಲ್ ಎತ್ತೋಕೆ ಪುಲ್ಲರ್ ಅನ್ನೋ ಎಳೆದು ತೆಗೆಯೋ ಸಾಧನ ಬೇಕು, ಸುತ್ತಿಗೆ ತಗೊಂಡು ರೆಕ್ಕೆಗಳ ಮೇಲೆ ಬಡಿದ್ರೆ ಕೀ ಜೊತೆ ಫ್ಲೈವೀಲಿನ ಖರ್ಚೂ ಬರುತ್ತೆ. ಹೊಸ ಕೀ ಕಂಪನಿದೇ ತರ್ಸಿ. ಇದೊಂದು ವಿಷಯದಲ್ಲಿ ಲೇತ್ ಅಂಗಡಿಲಿ ಉಕ್ಕಿನ ತುಂಡು ಉಜ್ಜಿಸಿ ಹಾಕ್ಬೇಡಿ, ನಾನೂ ಶುರುವಿನಲ್ಲಿ ಒಬ್ಬರಿಗೆ ಹಾಗೆ ಹಾಕ್ಕೊಟ್ಟಿದ್ದೆ, ಎರಡೇ ತಿಂಗಳಿಗೆ ಇನ್ನೊಂದು ಕಲ್ಲು ಸಿಕ್ತು, ಕೀ ಹೋಗ್ಲಿಲ್ಲ, ಕ್ರ್ಯಾಂಕ್ ಬಗ್ಗೋಯ್ತು. ಆ ಮಷೀನ್ ಗುಜರಿಗೆ ಹೋಗಿದ್ದು ನನ್ನಿಂದಲೇ.

ಕಾಯಿಲ್ ಏನಾದ್ರೂ ಬಿಚ್ಚಿದ್ರೆ ವಾಪಸ್ ಹಾಕುವಾಗ ಫ್ಲೈವೀಲಿಗೂ ಅದಕ್ಕೂ ಮಧ್ಯೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಟೈಟ್ ಮಾಡಿ, ಕಾರ್ಡ್ ಎಳೆದುಬಿಡಿ. ಅಷ್ಟು ಸಂದಿ ಸಾಕು.

ನಿಮ್ಮ ಕ್ರ್ಯಾಂಕ್ ನೆಟ್ಟಗಿದೆಯಾ ಅಂತಲೂ ನೋಡ್ಕೊಳ್ಳಿ. ಕ್ಯಾಪ್ ಕಿತ್ತಿರೋ ಹಾಗೇನೇ, ಮಷೀನನ್ನ ಏರ್ ಫಿಲ್ಟರ್ ಇರೋ ಪಕ್ಕ ಮೇಲೆ ಬರೋ ಹಾಗೆ ಮಲಗಿಸಿ, ಒಬ್ಬರು ಹಗ್ಗ ನಿಧಾನಕ್ಕೆ ಎಳೀಲಿ, ನೀವು ಬ್ಲೇಡಿನ ಮಧ್ಯದ ಬೋಲ್ಟ್ ತಲೆನೇ ದೂರದಿಂದ ನೋಡಿ. ಅದು ಇದ್ದ ಜಾಗದಲ್ಲೇ ತಿರುಗಿದ್ರೆ ಒಳ್ಳೇದು. ಗುಂಡಗೆ ಸುತ್ತು ಹಾಕ್ತಿದ್ರೆ ಕ್ರ್ಯಾಂಕ್ ಬಗ್ಗಿದೆ, ಅದಕ್ಕೆ ದುಡ್ಡು ಹಾಕೋದು ದಂಡ, ಹೊಸ ಎಂಜಿನ್ನೋ ಹೊಸ ಮಷೀನ್ನೋ ನೋಡಿ.

ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತೋಗುತ್ತೆ, ಅರ್ಧ ಗಂಟೆ ಬಿಟ್ರೆ ಮತ್ತೆ ಸ್ಟಾರ್ಟ್. ಎಂಜಿನ್ ಬಿಸಿಯಾಗ್ತಿದೆ, ಸಿಲಿಂಡರ್ ಕೊರೆಸಿ ಬೋರ್ ಮಾಡಿಸ್ಬೇಕು ಅಂತಿದ್ದಾರೆ. — ಗೌರಿಬಿದನೂರಿಂದ

ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕ್ ಮುಚ್ಚಳ ಸಡಿಲ ಮಾಡಿ. ಸ್ಸ್ ಅಂತ ಗಾಳಿ ಒಳಗೆ ಹೋದ ಸದ್ದು ಬಂದು ಮಷೀನ್ ಸ್ಟಾರ್ಟ್ ಆದ್ರೆ, ಮುಚ್ಚಳದಲ್ಲಿರೋ ಗಾಳಿ ತೂತು ಧೂಳಲ್ಲಿ ಕಟ್ಕೊಂಡಿದೆ, ಅಷ್ಟೇ. ಪೆಟ್ರೋಲ್ ಇಳಿದ ಹಾಗೆ ಟ್ಯಾಂಕಿಗೆ ಗಾಳಿ ಬರಬೇಕಲ್ವಾ. ತೊಳೆದು ಊದಿ ಹಾಕಿ. ಬೋರ್ ಮಾಡಿಸೋ ದುಡ್ಡಲ್ಲಿ ಮನೆಯವರಿಗೆ ಸೀರೆ ತಗೊಳ್ಳಿ. ಮುಚ್ಚಳ ಸಡಿಲ ಮಾಡಿದ್ರೂ ಏಳಲಿಲ್ಲ ಅಂದ್ರೆ ಆ ಬಿಸೀಲೇ ಸ್ಪಾರ್ಕ್ ಟೆಸ್ಟ್ ಮಾಡಿ, ಕೆಲವು ಕಾಯಿಲ್ ತಣ್ಣಗಿದ್ದಾಗ ಕೆಲಸ ಮಾಡಿ ಕಾದಾಗ ಕೈ ಕೊಡ್ತವೆ.

ಆಯುಧಪೂಜೆಗೆ ಅಂತ ಮಷೀನ್‌ನ ಕಾರ್ ವಾಷ್ ಪೈಪಲ್ಲಿ ತೊಳೆದು, ಅರಿಶಿನ ಕುಂಕುಮ ಇಟ್ಟು, ಹಾರ ಹಾಕಿದ್ವಿ ಅಣ್ಣ. ಮಾರನೇ ದಿನದಿಂದ ಒಂದೇ ಸಮ ಏರಿಳಿತ, ಗುಂಯ್ ಅನ್ನುತ್ತೆ, ಬೀಳುತ್ತೆ, ಮತ್ತೆ ಗುಂಯ್. ಬಿಳಿ ಹೊಗೆ ಬೇರೆ. — ಶಿರಾದಿಂದ

ಪ್ರತಿ ವರ್ಷ ವಿಜಯದಶಮಿ ಕಳೆದ ಮೇಲೆ ನನಗೆ ಇದೇ ಕೆಲಸ. ಪೂಜೆ ಮಾಡಿ, ಬೇಡ ಅನ್ನಲ್ಲ, ಆದ್ರೆ ಪ್ರೆಶರ್ ನೀರು ಏರ್ ಫಿಲ್ಟರ್ ಕಡೆಗೆ ಹಿಡೀಬೇಡಿ. ಏರಿಳಿತ ಅಂದ್ರೆ ಪೆಟ್ರೋಲ್ ಕಮ್ಮಿ ಸಿಕ್ತಿದೆ, ಕಾರ್ಬುರೇಟರ್ ಬೌಲಲ್ಲಿ ನೀರು ಸೇರಿರುತ್ತೆ, ಬೌಲ್ ಬಿಚ್ಚಿ ಚೆಲ್ಲಿ. ಫಿಲ್ಟರ್ ಸ್ಪಾಂಜಿಂದಾದ್ರೆ ಸೋಪ್ ನೀರಲ್ಲಿ ತೊಳೆದು, ಹಿಂಡಿ, ನೆರಳಲ್ಲಿ ಒಣಗಿಸಿ, ನಾಲ್ಕು ಹನಿ ಎಂಜಿನ್ ಆಯಿಲ್ ಸವರಿ ಹಾಕಿ. ಪೇಪರಿಂದು ಒದ್ದೆ ಆಯ್ತು ಅಂದ್ರೆ ಮುಗೀತು, ಹೊಸದು ತನ್ನಿ.

ಬಿಳಿ ಹೊಗೆಗೆ ನೀರು ಕಾರಣ ಅಲ್ಲ ಅನ್ಸುತ್ತೆ. ಕೆಳಗಡೆ ತೊಳೆಯೋಕೆ ಮಷೀನ್‌ನ ಪಕ್ಕಕ್ಕೆ ಮಲಗಿಸಿದ್ರಿ ತಾನೇ? ಫಿಲ್ಟರ್ ಪಕ್ಕ ಕೆಳಗಾದ್ರೆ ಆಯಿಲ್ ಅತ್ಲಾಗೆ ಹರಿದು ಸಿಲಿಂಡರ್‌ಗೂ ಫಿಲ್ಟರ್‌ಗೂ ಸೇರುತ್ತೆ. ಅದು ಉರಿದು ಮುಗಿಯೋವರೆಗೂ ಹೊಗೆ, ಹೆದರ್ಬೇಡಿ. ಮಟ್ಟಸ ನೆಲದಲ್ಲಿ ಆಯಿಲ್ ಅಳೆಯೋ ಕಡ್ಡಿ, ಡಿಪ್‌ಸ್ಟಿಕ್, ತೆಗೆದು ನೋಡಿ, ಕಮ್ಮಿ ಆಗಿದ್ರೆ ಎಸ್‌ಎಇ 30 ಅಥವಾ 10ಡಬ್ಲ್ಯೂ-30 ಆಯಿಲ್ ಗೆರೆವರೆಗೆ ಹಾಕಿ. ಪೂರ್ತಿ ಬದಲಾಯಿಸಿದ್ರೂ ಅರ್ಧ ಲೀಟರ್ ಆಸುಪಾಸಷ್ಟೇ ಹಿಡಿಯೋದು, ಪುಣ್ಯ ಬರ್ಲಿ ಅಂತ ಒಂದು ಲೀಟರ್ ಸುರೀಬೇಡಿ, ಜಾಸ್ತಿಯಾದ್ರೂ ಹೊಗೆನೇ.

ಆನ್‌ಲೈನಲ್ಲಿ ಕಾರ್ಬುರೇಟರ್ ತರಿಸಿದೆ, ಫೋಟೋ ನಮ್ಮದೇ ಥರ ಇತ್ತು, ಬಂದಿದ್ದು ಬೋಲ್ಟ್ ತೂತಿಗೇ ಕೂರ್ತಿಲ್ಲ. ಲೋಕಲ್ ಪಾರ್ಟ್ ಹಾಕ್ಬೋದಾ, ಕಂಪನಿದೇ ಬೇಕಾ? ಹೆಗಲಿಗೆ ಹಾಕ್ಕೊಳ್ಳೋ ಕಳೆ ಮಷೀನೂ ಒಂದಿದೆ. — ಮಾಲೂರಿನ ನರ್ಸರಿಯೊಬ್ಬರು

ನೀವು ಮಷೀನಿನ ಬಾಡಿ ಮೇಲಿರೋ ಸ್ಟಿಕ್ಕರ್ ಹೆಸರು ಕೊಟ್ಟು ಹುಡುಕಿರ್ತೀರ. ಬಾಡಿ ಒಬ್ಬರದ್ದು, ಎಂಜಿನ್ ಇನ್ನೊಬ್ಬರದ್ದು ಆಗಿರೋದು ಮಾಮೂಲು. ಎಂಜಿನ್ನಿನ ಲೋಹದ ಮೇಲೆ ಅಚ್ಚು ಹೊಡೆದಿರೋ ಮಾಡೆಲ್ ನಂಬರ್ ಹುಡುಕಿ, ಹುಲ್ಲಿನ ಜಿಡ್ಡು ಕಟ್ಟಿರುತ್ತೆ, ಸೀಮೆಎಣ್ಣೆ ಬಟ್ಟೆಲಿ ಒರೆಸಿದ್ರೆ ಕಾಣುತ್ತೆ, ಅದನ್ನ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ. ಬೆಂಗಳೂರಿಗೆ ಪಾರ್ಟ್‌ಗೆ ಹೋಗೋದಾದ್ರೆ ಆ ಫೋಟೋ ಜೊತೆಗೆ ಹಳೇ ಪಾರ್ಟೂ ಕವರಲ್ಲಿ ಹಾಕ್ಕೊಂಡು ಹೋಗಿ.

ಪ್ಲಗ್ಗು, ಪೆಟ್ರೋಲ್ ಪೈಪು, ಸ್ಪಾಂಜ್ ಫಿಲ್ಟರ್ ಎಲ್ಲಿ ಬೇಕಾದ್ರೂ ತಗೊಳ್ಳಿ, ನಂಬರ್ ಹೊಂದಿದ್ರಾಯ್ತು. ಹೊಸ ಪ್ಲಗ್ಗಾದ್ರೂ ತುದಿ ಸಂದಿ 0.7ರಿಂದ 0.8 ಮಿಮೀ ಇದೆಯಾ ನೋಡಿ ಹಾಕಿ. ಸ್ಟಾರ್ಟ್ ಹಗ್ಗ ಮಾತ್ರ ಬಟ್ಟೆ ಒಣಗಿಸೋ ಪ್ಲಾಸ್ಟಿಕ್ ದಾರ ಹಾಕ್ಬೇಡಿ, ನೈಲಾನ್ ಹೆಣಿಗೆದು, ಹಳೇದ್ರಷ್ಟೇ ದಪ್ಪ, ಹಳೇದ್ರಷ್ಟೇ ಉದ್ದ. ಫ್ಲೈವೀಲ್ ಕೀ, ಬ್ಲೇಡು, ಬ್ಲೇಡ್ ಬೋಲ್ಟು, ಈ ಮೂರಕ್ಕೆ ನಾನು ಚೌಕಾಸಿ ಮಾಡಲ್ಲ. ಅಷ್ಟು ವೇಗದಲ್ಲಿ ತಿರುಗೋ ಬ್ಲೇಡು ಬಿಚ್ಕೊಂಡ್ರೆ ಎದುರಿಗಿರೋದು ನಿಮ್ಮ ಕಾಲು.

ನಿಮ್ಮಲ್ಲಿ ಹೆಗಲಿಗೆ ಹಾಕ್ಕೊಳ್ಳೋ ಕಳೆ ಮಷೀನೂ ಇದೆ ಅಂದ್ರಲ್ಲ, ಅದು ಟೂ ಸ್ಟ್ರೋಕ್ ಆದ್ರೆ ಅದಕ್ಕೆ ಆಯಿಲ್ ಪೆಟ್ರೋಲಲ್ಲೇ ಬೆರೆಸಬೇಕು, ಪುಸ್ತಕದಲ್ಲಿ 50ಕ್ಕೆ 1 ಅಂದಿದ್ರೆ ಲೀಟರ್‌ಗೆ 20 ಎಂಎಲ್, 25ಕ್ಕೆ 1 ಅಂದಿದ್ರೆ 40. ಎರಡು ಮಷೀನಿಗೂ ಬೇರೆ ಬೇರೆ ಬಣ್ಣದ ಕ್ಯಾನ್ ಇಡಿ, ಕೆಲಸದ ಹುಡುಗರು ಬರೀ ಪೆಟ್ರೋಲ್ ಹಾಕಿ ಓಡಿಸಿ ಪಿಸ್ಟನ್ ಹಿಡಿದ ಮೇಲೆ ಬಯ್ಯೋದ್ರಿಂದ ಏನೂ ಬರಲ್ಲ.

ಬ್ಲೇಡ್ ಮಂಕಾಗಿತ್ತು, ನಾನೇ ಬಿಚ್ಚಿ, ವೆಲ್ಡಿಂಗ್ ಶಾಪಲ್ಲಿ ಸಾಣೆ ಹಿಡಿಸಿ ಹಾಕಿದೆ. ಮುಂಚೆಗಿಂತ ಮೋಸ, ಹುಲ್ಲು ಕಟ್ಟಾಗ್ತಿಲ್ಲ, ಮಲಗ್ತಿದೆ ಅಷ್ಟೇ. ಹ್ಯಾಂಡಲ್ಲೂ ನಡುಗುತ್ತೆ. ಹೊಸ ಬ್ಲೇಡ್ ಯಾವ್ದು ತರ್ಲಿ? — ತುಮಕೂರು, ಕ್ಯಾತ್ಸಂದ್ರದಿಂದ ಒಬ್ಬ ಅಕ್ಕ

ಅಕ್ಕ, ಎರಡು ಬೇರೆ ತೊಂದರೆ ಇದೆ. ನಡುಗೋದಕ್ಕೆ ಕಾರಣ, ಸಾಣೆ ಹಿಡಿದೋನು ಒಂದು ಕಡೆ ಜಾಸ್ತಿ ಉಜ್ಜಿದ್ದಾನೆ. ಗೋಡೆಗೆ ಒಂದು ಮೊಳೆ ಹೊಡೆದು ಬ್ಲೇಡಿನ ಮಧ್ಯದ ತೂತು ಅದಕ್ಕೆ ತಗಲಿಸಿ, ಯಾವ ಕಡೆ ಕೆಳಗೆ ಬಾಗುತ್ತೋ ಆ ಕಡೆ ಅರದಲ್ಲಿ ಸ್ವಲ್ಪ ಸ್ವಲ್ಪ ಉಜ್ಜಿ, ತಕ್ಕಡಿ ಹಾಗೆ ಸಮ ನಿಲ್ಲೋವರೆಗೂ. ದೋಸೆ ಹಾಕೋ ಹೊತ್ತಿನ ಕೆಲಸ. ಅಂಚನ್ನ ರೇಜರ್ ಥರ ಮಾಡೋದೇನೂ ಬೇಡ, ತರಕಾರಿ ಚಾಕು ಅಷ್ಟು ಹರಿತ ಇದ್ರೆ ಸಾಕು, ತುಂಬ ತೆಳು ಮಾಡಿದ್ರೆ ಒಂದೇ ದಿನಕ್ಕೆ ಮಡಚ್ಕೊಳ್ಳುತ್ತೆ.

ಹುಲ್ಲು ಮಲಗೋದು ಯಾಕೆ ಅಂದ್ರೆ ಬ್ಲೇಡನ್ನ ತಲೆಕೆಳಗಾಗಿ ಹಾಕಿದ್ದೀರ. ತುದಿಲಿ ರೆಕ್ಕೆ ಥರ ಬಾಗಿರೋ ಭಾಗ ಮಷೀನಿನ ಹೊಟ್ಟೆ ಕಡೆಗೆ, ಅಂದ್ರೆ ಮೇಲಕ್ಕೆ ನೋಡ್ಬೇಕು, ಅದೇ ಗಾಳಿ ಎಬ್ಬಿಸಿ ಹುಲ್ಲನ್ನ ನಿಲ್ಲಿಸೋದು. ಈಗ ಹರಿತದ ಬದಲು ಅದರ ಬೆನ್ನು ಹುಲ್ಲಿಗೆ ಹೊಡೀತಿದೆ. ಪ್ಲಗ್ ಕ್ಯಾಪ್ ಕಿತ್ತು, ಬ್ಲೇಡ್ ಅಲುಗಾಡದ ಹಾಗೆ ಒಂದು ಮರದ ತುಂಡು ಸಿಗಿಸಿ, ಬೋಲ್ಟ್ ಬಿಚ್ಚಿ ತಿರುವಿ ಹಾಕಿ. ಹೊಸ ಬ್ಲೇಡ್ ಬೇಡ.