ಸಂಪಾದಕರ ಉತ್ತರ: ಕತ್ತರಿಸಿಹೋದ ಅಂಚು

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಒಂದು ಬೆಳ್ಳಿ ನಾಣ್ಯದ ಚಿತ್ರ ಹಾಕಿ 'ಆರಂಭದ ಇಸ್ಲಾಮಿಕ್ ನಾಣ್ಯ' ಎಂದಿದ್ದೀರಿ. ಅದರ ಮೇಲೆ ಕಿರೀಟ ತೊಟ್ಟ ರಾಜನಿದ್ದಾನೆ. ಹಿಂಬದಿಯಲ್ಲಿ ಬೆಂಕಿ ಉರಿಯುತ್ತಿದೆ. ಚಿತ್ರ ಅದಲುಬದಲಾಗಿದೆ, ಅಲ್ವಾ?"

ಮಾನ್ಯರೇ, ಚಿತ್ರ ಸರಿಯಾಗಿಯೇ ಇದೆ. ಆದರೂ ತಪ್ಪು ನಮ್ಮದೇ. ಅದನ್ನು ಕೊನೆಗೆ ಒಪ್ಪಿಕೊಳ್ಳುತ್ತೇನೆ.

ಆ ರಾಜ ಇರಾನನ್ನು 590ರಿಂದ 628ರವರೆಗೆ ಆಳಿದ ಎರಡನೇ ಖುಸ್ರೋ. ಹಿಂಬದಿಯಲ್ಲಿರುವುದು ಜರತುಷ್ಟ್ರ ಧರ್ಮದವರ ಅಗ್ನಿವೇದಿ, ಅಕ್ಕಪಕ್ಕ ಇಬ್ಬರು ಕಾವಲುಗಾರರು. ಅರಬರು ಇರಾನನ್ನು ಗೆದ್ದರು. ಖುಸ್ರೋನ ಸಸಾನಿ ವಂಶದ ಕೊನೆಯ ದೊರೆ ಮೂರನೇ ಯಜ್ದೆಗೆರ್ದ್ 651ರಲ್ಲಿ ಮರ್ವ್ ಬಳಿ ಕೊಲೆಯಾದ. ಆದರೆ ಟಂಕಸಾಲೆಗಳು ನಿಲ್ಲಲಿಲ್ಲ. ಸತ್ತು 20 ವರ್ಷ ದಾಟಿದ್ದ ಖುಸ್ರೋನ ಮುಖವೇ ನಾಣ್ಯದ ಮೇಲೆ ಬೀಳುತ್ತಿತ್ತು.

ಅರಬರಿಗೆ ಸ್ವಂತ ನಾಣ್ಯ ಇರಲಿಲ್ಲ. ಸೈನಿಕರಿಗೆ ಸಂಬಳ ಕೊಡಬೇಕು, ತೆರಿಗೆ ವಸೂಲಿ ಮಾಡಬೇಕು. ಪೇಟೆಯವನು ಕಂಡು ಗೊತ್ತಿದ್ದ ದುಡ್ಡನ್ನಷ್ಟೇ ನಂಬುತ್ತಾನೆ. ಸುಮ್ನೆ ಯಾಕೆ ಬದಲಾಯಿಸಬೇಕು? 'ದಿರ್ಹಮ್' ಎಂಬ ಹೆಸರು ಕೂಡ ಅವರದಲ್ಲ. ಅದು ಗ್ರೀಕರ ದ್ರಾಖ್ಮಾದಿಂದ ಪರ್ಷಿಯನ್ನರ ಮೂಲಕ ಬಂದದ್ದು. ನಮ್ಮ ಹಳೆಯ ಶಾಸನಗಳಲ್ಲಿ ಕಾಣುವ 'ದ್ರಮ್ಮ'ವೂ ಅದೇ ಬಳ್ಳಿಯದು.

ಹೊಸ ಆಳ್ವಿಕೆ ಕಾಣಿಸಿದ್ದು ಅಂಚಿನಲ್ಲಿ ಮಾತ್ರ. ಅಲ್ಲಿ ಅರಬಿಯಲ್ಲಿ ಚಿಕ್ಕದಾಗಿ 'ಬಿಸ್ಮಿಲ್ಲಾಹ್' (ದೇವರ ಹೆಸರಿನಲ್ಲಿ) ಎಂದು ಬರೆದರು. ವರ್ಷದ ಲೆಕ್ಕ ಮಾತ್ರ ಕೊಲೆಯಾದ ಯಜ್ದೆಗೆರ್ದ್ ಪಟ್ಟಕ್ಕೆ ಬಂದಂದಿನಿಂದಲೇ! ಆಮೇಲೆ ರಾಜನ ಹೆಸರಿದ್ದ ಜಾಗಕ್ಕೆ ಅರಬ್ ಅಧಿಕಾರಿಗಳ ಹೆಸರು ಬಂತು, ಅದೂ ಇರಾನಿನ ಹಳೆಯ ಪಹ್ಲವಿ ಲಿಪಿಯಲ್ಲಿ. ಇರಾನಿನ ದಾರಾಬ್‌ಗಿರ್ದ್ ಊರಿನ ನಾಣ್ಯವೊಂದು ನನಗೆ ಬಹಳ ಇಷ್ಟ. ಅದರಲ್ಲಿ ಖಲೀಫ ಮುಆವಿಯಾ 'ವಿಶ್ವಾಸಿಗಳ ನಾಯಕ'. ಆದರೆ ಆ ಬಿರುದು ಇರುವುದು ಪರ್ಷಿಯನ್ ಮಾತಿನಲ್ಲಿ, ಖುಸ್ರೋನ ಶೈಲಿಯ ಮುಖದ ಪಕ್ಕದಲ್ಲಿ.

ನಂತರ ಅರಬರೊಳಗೇ ಜಗಳ ಶುರುವಾಯಿತು. ಮೆಕ್ಕಾದಲ್ಲಿ ಇಬ್ನ್ ಅಲ್-ಜುಬೈರ್, ಡಮಾಸ್ಕಸ್‌ನಲ್ಲಿ ಮುಆವಿಯಾನ ವಂಶದವರಾದ ಉಮಯ್ಯದರು. ನಿಜವಾದ ಮುಂದಾಳು ಯಾರು ಎಂಬ ವಾದ ನಾಣ್ಯಕ್ಕೂ ಇಳಿಯಿತು. 'ಮುಹಮ್ಮದ್ ರಸೂಲುಲ್ಲಾಹ್' (ಮುಹಮ್ಮದ್ ದೇವರ ದೂತ) ಎಂಬ ಮಾತು ಹಿಜರಿ 66ರಲ್ಲಿ (ಕ್ರಿ.ಶ. 685-86) ಇರಾನಿನ ಬಿಶಾಪುರದ ನಾಣ್ಯದಲ್ಲಿ ಕಾಣಿಸುತ್ತದೆ. ಅದನ್ನು ಅಚ್ಚು ಹಾಕಿಸಿದ್ದು ಜುಬೈರ್ ಕಡೆಯ ಅಧಿಕಾರಿ. 692ರಲ್ಲಿ ಗೆದ್ದವನು ಮಾತ್ರ ಉಮಯ್ಯದರ ಅಬ್ದುಲ್ ಮಲಿಕ್. ಸೋತವರ ಉಪಾಯವನ್ನು ಅವನು ಬಿಡಲಿಲ್ಲ, ಇನ್ನೂ ಮುಂದೆ ಒಯ್ದ. ಮೊದಲು ಕತ್ತಿ ಹಿಡಿದು ನಿಂತ ಖಲೀಫನ ಚಿತ್ರವನ್ನೂ ಹಾಕಿಸಿ ನೋಡಿದ. ಕೊನೆಗೆ ಹಿಜರಿ 79ರಲ್ಲಿ (698-99) ಬೆಳ್ಳಿ ನಾಣ್ಯದಿಂದ ಚಿತ್ರಗಳನ್ನೇ ತೆಗೆದುಹಾಕಿಸಿದ. ಸುಮಾರು 4 ಗ್ರಾಂ ಇದ್ದ ಬೆಳ್ಳಿ ನಾಣ್ಯ 3 ಗ್ರಾಂಗೂ ಸ್ವಲ್ಪ ಕಡಿಮೆಯಾಯಿತು. ಎರಡೂ ಬದಿ ಬರೀ ಅರಬಿ ಬರಹ: ದೇವರೊಬ್ಬನೇ ಎಂಬ ಸಾಕ್ಷ್ಯ, ಕುರಾನ್ ಸಾಲುಗಳು, ಅಚ್ಚಾದ ಊರು, ವರ್ಷ. ಅದರಲ್ಲಿ ಖಲೀಫನ ಹೆಸರೇ ಇಲ್ಲ. ನೀವು ನಿರೀಕ್ಷಿಸಿದ್ದು ಈ ನಾಣ್ಯವನ್ನೇ ಇರಬೇಕು. ನಾವು ಹಾಕಿದ್ದು ಅದಕ್ಕೂ ಹಿಂದಿನದು.

ಈಗ ನಮ್ಮ ತಪ್ಪು. ಪುಟದಲ್ಲಿ ಜಾಗ ಸಾಲದೆ ಚಿತ್ರದ ಸುತ್ತ ಕತ್ತರಿಸಿದೆವು. ರಾಜನ ಮುಖ ಉಳಿಯಿತು, ಅಂಚು ಹೋಯಿತು. ಮುಂದಿನ ಸಂಚಿಕೆಯಲ್ಲಿ ಇಡೀ ನಾಣ್ಯ ಹಾಕುತ್ತೇವೆ. ಅದನ್ನು ಗಡಿಯಾರ ಅಂದುಕೊಳ್ಳಿ. 3ರಿಂದ 6 ಗಂಟೆಯ ನಡುವೆ, ಅಂಚಿನಲ್ಲಿ ನೋಡಿ.