ಮುಳ್ಳಿನ ಭಯವಿದ್ದರೆ ಕಾಣೆ ಮೀನಿನಿಂದ ಶುರು ಮಾಡಿ

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾನು, ನಮ್ಮ ಯಜಮಾನರು ಮೂರು ದಿನ ಕುಂದಾಪುರದಲ್ಲಿ ಇರ್ತೀವಿ ಮೇಡಂ. ಅವರು ಈಗಷ್ಟೇ ನಿವೃತ್ತರಾಗಿದ್ದಾರೆ, ವಿಶ್ರಾಂತಿ ಬೇಕು. ನಮಗೆ ಕೆರೆ ಮೀನು ಗೊತ್ತು, ಸಮುದ್ರದ ಮೀನಿನ ರೂಢಿ ಇಲ್ಲ. ಮುಳ್ಳಿನ ಭಯ ಬೇರೆ. ಏನು ತಿನ್ನಬಹುದು? ಕೊಲ್ಲೂರು, ಮುರುಡೇಶ್ವರ, ಉಡುಪಿಯನ್ನೂ ನೋಡಿಬಿಡೋಣವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಮ್ಮೂರಿಗೆ ಬರ್ತಿದ್ದೀರಿ, ಖುಷಿಯಾಯಿತು. ನೀವು ಬರುವ ಡಿಸೆಂಬರ್ ಕೂಡ ಒಳ್ಳೆಯದೇ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಸಿಗುವುದು ನಾಡದೋಣಿಯವರು ತಂದಷ್ಟೇ.

ಮೊದಲ ಊಟಕ್ಕೆ ಕಾಣೆ ಫ್ರೈ ಹೇಳಿ. ಉದ್ದನೆಯ, ಮೆದು ಮೀನು. ನಡುವಿನ ಮುಳ್ಳೇ ಮುಖ್ಯ. ಬಾಲದ ಕಡೆಯಿಂದ ಬೆರಳಲ್ಲಿ ಮೆಲ್ಲಗೆ ಬಿಡಿಸಿದರೆ ಮಾಂಸ ಪಟ್ಟಿಯಾಗಿ ಎದ್ದು ಬರುತ್ತದೆ, ಮುಳ್ಳು ತಟ್ಟೆಯಲ್ಲೇ ಉಳಿಯುತ್ತದೆ. ಅಂಜಲ್ ತುಂಡೂ ಸುಲಭ, ಆದರೆ ಬೆಲೆ ಜಾಸ್ತಿ. ಕೈ ಪಳಗಿದ ಮೇಲೆ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಬೈಗೆ (ಭೂತಾಯಿ ಮೀನು) ಬಹಳ ರುಚಿ, ಆದರೆ ಸಣ್ಣ ಮುಳ್ಳು ಜಾಸ್ತಿ. ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಚಟ್ಲಿ (ಸಿಗಡಿ), ಏಡಿ ಮೊದಲ ಸಲವಾದರೆ ಸ್ವಲ್ಪವೇ ತಿಂದು ನೋಡಿ, ಕೆಲವರಿಗೆ ಮೈ ತುರಿಕೆ ಬರುತ್ತದೆ.

ಹೋಟೆಲಿನಲ್ಲಿ ಮೆನು ನೋಡುವ ಮೊದಲು "ಇವತ್ತು ಎಂತ ಮೀನು ಬಂದಿದೆ?" ಅಂತ ಕೇಳಿ. ಬಡಿಸುವವರು ಹೇಳಿದ್ದನ್ನೇ ತರಿಸಿ. ದೊಡ್ಡ ಹೆಸರಿನ ಹಳೇ ಮೀನಿಗಿಂತ ಅಂದಿನ ಬಂಗುಡೆಯೇ ಎಷ್ಟೋ ಮೇಲು. ಮನೆಯೂಟ ಕೊಡುವ ಕಡೆ ಉಳಿದುಕೊಂಡರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ನೀರುದೋಸೆಗೆ ನಿನ್ನೆಯ ಮೀನುಸಾರು ಇದೆಯಾ ಅಂತ ಸಂಕೋಚ ಬಿಟ್ಟು ಕೇಳಿ. ರಾತ್ರಿಯಿಡೀ ಹುಳಿ, ಖಾರ ಹೀರಿದ ಆ ಸಾರಿನ ರುಚಿಯೇ ಬೇರೆ.

ಇನ್ನು ತಿರುಗಾಟ. ಮೂರು ದಿನದಲ್ಲಿ ಮೂರು ಊರು ನೋಡಿದರೆ ಯಜಮಾನರಿಗೆ ವಿಶ್ರಾಂತಿ ಎಲ್ಲಿ ಸಿಕ್ಕೀತು, ಅಲ್ವಾ? ಹರಕೆ ಇದ್ದರೆ ಕೊಲ್ಲೂರಿಗೆ ಒಂದು ಬೆಳಿಗ್ಗೆ ಹೋಗಿ ಬನ್ನಿ. ಉಳಿದದ್ದು ಇನ್ನೊಂದು ಸಲಕ್ಕಿರಲಿ. ಗಂಗೊಳ್ಳಿ ಬಂದರು ಮಾತ್ರ ನೋಡಿ. ಹೊಳೆಯ ಆಚೆ ದಡದಲ್ಲೇ ಕಾಣುತ್ತದೆ, ರಸ್ತೆಯಲ್ಲಾದರೆ ತ್ರಾಸಿ ಸುತ್ತಿ ಹೋಗಬೇಕು. ಬುಟ್ಟಿ ಬುಟ್ಟಿ ಮೀನು ಇಳಿಯುವುದನ್ನು ನೋಡಿದರೆ ಊಟಕ್ಕೆ ಏನು ಹೇಳಬೇಕೆಂದು ನಿಮಗೇ ಗೊತ್ತಾಗುತ್ತದೆ.

ಮಧ್ಯಾಹ್ನ ಉಂಡು ಸುಮ್ನೆ ಮಲಗಿ. ಬಿಸಿಲು ಇಳಿದ ಮೇಲೆ ಕೋಡಿ ಕಡಲತೀರಕ್ಕೆ ಹೋಗಿ ಕೂತುಕೊಳ್ಳಿ. ಮರವಂತೆಗೆ ಹೋದರೆ ದಡದಲ್ಲೇ ಇರಿ, ಅಲ್ಲಿ ನೀರಿಗಿಳಿಯುವುದು ಅಪಾಯ.